ಮೋಟಾರು ವಾಹನದ ಒಳಗಣ ಆವಿಷ್ಕಾರಗಳು

ಮೋಟಾರು ವಾಹನವೆಂದೊಡನೆ ನಮ್ಮ ಮನಸ್ಸು ಅದರ ಎಂಜಿನಿನ ಕಡೆಗೆ ಹರಿಯುವುದು ಸಹಜ. ಗಂಟೆಗೆ ಎಷ್ಟು ಕಿಲೋಮೀಟರು ಓಡುವುದು, ಒಂದು ಲೀಟರು ಎಣ್ಣೆಗೆ ಎಷ್ಟು ದೂರ ಸಾಗುವುದು ಎಂದು ಕುತೂಹಲದಿಂದ ವಿಚಾರಿಸುವ ನಾವು, ಪಯಣದ ಉದ್ದಕ್ಕೂ ಕಣ್ಣಿಗೆ ಬೀಳುತ್ತ ಕೈಗೆ ತಗಲುತ್ತ ಇರುವ ಒಳಗಣ ವಸ್ತುಗಳನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಆಸನ, ಆಸನದ ಪಟ್ಟಿ, ಗಾಜನ್ನು ಏರಿಸಿ ಇಳಿಸುವ ಗುಂಡಿ, ಮಳೆನೀರನ್ನು ಒರಸುವ ಕಡ್ಡಿ, ತಿರುವಿನಲ್ಲಿ ಮಿನುಗುವ ದೀಪ, ಇವೆಲ್ಲ ವಾಹನದೊಡನೆ ತಾವಾಗಿಯೇ ಹುಟ್ಟಿಬಂದವೆಂದೇ ನಮ್ಮ ಭಾವನೆ. ವಾಸ್ತವವಾಗಿ ಇವುಗಳಲ್ಲಿ ಬಹುಪಾಲು ವಸ್ತುಗಳ ಹಿಂದೆ ಯಾರೋ ಒಬ್ಬರು ಪಟ್ಟ ತೊಂದರೆಯಿದೆ. ಆ ತೊಂದರೆಯನ್ನು ಸುಮ್ಮನೆ ಸಹಿಸಲು ಒಪ್ಪದ ಒಂದು ಬುದ್ಧಿಯಿದೆ. ಕೆಲವು ವಸ್ತುಗಳ ಹಿಂದೆ ನ್ಯಾಯಾಲಯದ ದೀರ್ಘ ಹೋರಾಟವೂ ಇದೆ.

ಈ ಸಂಗತಿಯನ್ನು ತಿಳಿಯಲು ಮುಂಬಯಿಯ ಕನ್ನಡ ವಿದ್ಯಾರ್ಥಿಗಳಾದ ನಾವು ದೂರದೇಶಗಳನ್ನೇ ನೋಡಬೇಕೆಂದಿಲ್ಲ. ಕಸಾರಾ ಘಟ್ಟವನ್ನು ಹತ್ತಿದರೆ ನಾಸಿಕ. ಅಲ್ಲಿಂದ ಪೂರ್ವಕ್ಕೆ ಒಂದು ದಿನದ ಪಯಣದೊಳಗೇ ಛತ್ರಪತಿ ಸಂಭಾಜಿನಗರ. 2023ರವರೆಗೆ ಇದನ್ನು ಔರಂಗಾಬಾದ್ ಎಂದು ಕರೆಯುತ್ತಿದ್ದರು. ಗೋದಾವರಿಯ ಸ್ನಾನಘಟ್ಟಗಳಿಗೂ ದ್ರಾಕ್ಷಿಯ ತೋಟಗಳಿಗೂ ಹೆಸರಾದ ಮೊದಲನೆಯ ಊರು, ಎಲ್ಲೋರದ ಗುಹೆಗಳ ನೆರೆಯಲ್ಲಿರುವ ಎರಡನೆಯ ಊರು, ಇವೆರಡೂ ಇಂದು ವಾಹನೋದ್ಯಮದ ಮುಖ್ಯ ಕೇಂದ್ರಗಳಾಗಿವೆ. ನಾಸಿಕದಲ್ಲಿ ಮಹೀಂದ್ರ ಸಂಸ್ಥೆಯ ಕಾರ್ಖಾನೆಯಿದೆ. 2002ರಲ್ಲಿ ಹೊರಬಂದ ಸ್ಕಾರ್ಪಿಯೊ ವಾಹನವು ಅಲ್ಲಿ ತಯಾರಾಯಿತು. ಸಂಭಾಜಿನಗರದ ಸಮೀಪ ವಾಳೂಜಿನಲ್ಲಿ ಬಜಾಜ್ ಸಂಸ್ಥೆಯ ಕಾರ್ಖಾನೆಯನ್ನು 1985ರಲ್ಲಿ ಅಂದಿನ ರಾಷ್ಟ್ರಪತಿ ಜೈಲ್ ಸಿಂಗರು ಉದ್ಘಾಟಿಸಿದರು. ನಮ್ಮ ಬೀದಿಗಳ ಆಟೋರಿಕ್ಷಾಗಳಲ್ಲಿ ಎಷ್ಟೋ ಅಲ್ಲಿ ಹುಟ್ಟಿದವು. ಅದೇ ಊರಿನ ಶೇಂದ್ರದಲ್ಲಿ 2001ರಿಂದ ಸ್ಕೋಡಾ ಕಾರುಗಳನ್ನು ಜೋಡಿಸತೊಡಗಿದರು. ಇಂಥ ದೊಡ್ಡ ಕಾರ್ಖಾನೆಯ ಸುತ್ತ ದೀಪ, ಕನ್ನಡಿ, ಆಸನ, ತಂತಿಗಳನ್ನು ಒದಗಿಸುವ ಸಣ್ಣ ಕಾರ್ಖಾನೆಗಳು ಬೆಳೆಯುವುದುಂಟು. ಆಲದ ಮರದ ನೆರಳಿನಲ್ಲಿ ಬೇರೆ ಮರ ಬೆಳೆಯದೆಂಬ ಮಾತು ಇಲ್ಲಿ ಸಲ್ಲದು. ಬಜಾಜಿಗೆ ಬಿಡಿಭಾಗಗಳನ್ನು ಒದಗಿಸುತ್ತ ಸಂಭಾಜಿನಗರದಲ್ಲಿ ಬೆಳೆದ ವರ್ರಾಕ್ ಎಂಬ ಸಂಸ್ಥೆಯು 2012ರಲ್ಲಿ ವಿಸ್ಟಿಯಾನ್ ಎಂಬ ಅಮೆರಿಕದ ಸಂಸ್ಥೆಯ ವಾಹನದೀಪಗಳ ಉದ್ಯಮವನ್ನೇ ಕೊಂಡಿತು. ಕನ್ನಡಿಗರಿಗೆ ಇನ್ನೊಂದು ನಂಟೂ ಇದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ ‘ಮೈಕೋ’ ಎಂದು ಮನೆಮಾತಾದ ಸಂಸ್ಥೆಯು ತನ್ನ ಎರಡನೆಯ ನೆಲೆಯನ್ನು ಕಂಡುಕೊಂಡದ್ದು ನಾಸಿಕದಲ್ಲಿಯೇ. 2008ರಿಂದ ಅದರ ಹೆಸರು ಬಾಷ್.

ಒಳಗಣ ಸಲಕರಣೆಗಳಲ್ಲಿ ಹೆಚ್ಚಿನವು ನಡೆಯುವುದು ವಿದ್ಯುಚ್ಛಕ್ತಿಯಿಂದ. ಆದ್ದರಿಂದ ಮೊದಲು ಆ ಶಕ್ತಿಯ ಏರ್ಪಾಡನ್ನು ಸ್ವಲ್ಪ ತಿಳಿದುಕೊಳ್ಳೋಣ. ವಾಹನದ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಆರು ಕೋಶಗಳಿರುವುವು. ಒಂದೊಂದು ಕೋಶವೂ ಎರಡು ವೋಲ್ಟಿಗಿಂತ ತುಸು ಹೆಚ್ಚಿನ ಒತ್ತಡವನ್ನು ಕೊಡುವುದರಿಂದ ಒಟ್ಟು 12 ವೋಲ್ಟ್ ಆಗುವುದು. ಮನೆಯ 230 ವೋಲ್ಟಿನ ಮುಂದೆ ಇದು ಏನೂ ಅಲ್ಲವೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡಿ. ಮುಂದೀಪವೊಂದು 60 ವಾಟಿನದಾದರೆ, 60ನ್ನು 12ರಿಂದ ಭಾಗಿಸಲು 5 ಆಂಪಿಯರ್ ಪ್ರವಾಹ. ದೀಪಗಳೆರಡಕ್ಕೆ 10 ಆಂಪಿಯರ್. ಮನೆಯಲ್ಲಿ ಅಷ್ಟೇ ವಾಟಿನ ದೀಪಕ್ಕೆ ಕಾಲು ಆಂಪಿಯರು ಸಾಕು. ಒತ್ತಡ ಕಡಮೆಯಾದಷ್ಟೂ ಪ್ರವಾಹ ಹೆಚ್ಚಬೇಕು. ಪ್ರವಾಹ ಹೆಚ್ಚಿದಷ್ಟೂ ತಂತಿ ಕಾಯುವುದು. ವಾಹನದ ವಿದ್ಯುತ್ತಿನ ಗುಣವೂ ಅಪಾಯವೂ ಈ ಒಂದು ಮಾತಿನಲ್ಲಿ ಅಡಗಿವೆ.

ಇನ್ನೊಂದು ವಿಶೇಷವೆಂದರೆ, ವಾಹನದಲ್ಲಿ ಒಂದೊಂದು ದೀಪಕ್ಕೂ ಎರಡೆರಡು ತಂತಿಗಳನ್ನು ಉದ್ದಕ್ಕೂ ಎಳೆಯುವುದಿಲ್ಲ. ಬ್ಯಾಟರಿಯ ಋಣ ತುದಿಯನ್ನು ವಾಹನದ ಲೋಹದ ಒಡಲಿಗೇ ಬಿಗಿದಿರುವರು. ಪ್ರವಾಹವು ತಂತಿಯ ಮೂಲಕ ಹೋಗಿ ಒಡಲಿನ ಮೂಲಕ ಹಿಂದಿರುಗುವುದು. ಇದರಿಂದ ತಾಮ್ರವೂ ಹಣವೂ ಉಳಿಯುವುವು. ಆದರೆ ತಂತಿಯ ಮೇಲಣ ಹೊದಿಕೆ ಎಲ್ಲಿಯಾದರೂ ಸವೆದು ಒಳಗಿನ ತಾಮ್ರವು ಒಡಲಿಗೆ ತಗಲಿತೋ, ದೀಪದ ದಾರಿಯನ್ನು ಬಿಟ್ಟು ಪ್ರವಾಹವೆಲ್ಲ ಆ ಅಡ್ಡದಾರಿ ಹಿಡಿಯುವುದು. ಆ ದಾರಿಯ ತಡೆ ಒಂದು ಓಮಿನ ಇಪ್ಪತ್ತರಲ್ಲಿ ಒಂದು ಪಾಲು ಎಂದಿಟ್ಟುಕೊಂಡರೆ, ಹರಿಯುವ ಪ್ರವಾಹ 240 ಆಂಪಿಯರ್! ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದೆಂದು ಜೌಲನ ನಿಯಮವನ್ನು ಓದಿರುವವರು ಬಲ್ಲರು. 10 ಆಂಪಿಯರಿಗೆ ತಕ್ಕ ತಂತಿಯಲ್ಲಿ ಅದರ 24 ಪಟ್ಟು ಪ್ರವಾಹ ಹರಿದರೆ, ಕಾವು 24 ಪಟ್ಟಲ್ಲ, 576 ಪಟ್ಟು. ತಂತಿಯು ಕೆಂಪಗೆ ಕಾದು ಹೊದಿಕೆ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಕಾಗದು.

ಇದಕ್ಕೆ ಕಾವಲುಗಾರನೇ ಫ್ಯೂಸು. ಕಾರಿನ ಮುಂಭಾಗದ ಪೆಟ್ಟಿಗೆಯೊಂದರಲ್ಲಿ ಬಣ್ಣಬಣ್ಣದ ಪುಟ್ಟ ಬಿಲ್ಲೆಗಳು ಸಾಲಾಗಿ ನಿಂತಿರುವುದನ್ನು ನೀವು ಕಂಡಿರಬಹುದು. ಆ ಬಣ್ಣಗಳು ಅಲಂಕಾರಕ್ಕಲ್ಲ. ಕೆಂಪು 10 ಆಂಪಿಯರಿನದು, ನೀಲಿ 15, ಹಳದಿ 20, ಹಸುರು 30. ಮಿತಿ ಮೀರಿದ ಪ್ರವಾಹ ಬಂದಾಗ ಬಿಲ್ಲೆಯೊಳಗಿನ ತೆಳು ಲೋಹವು ತಾನು ಕರಗಿ ತಂತಿಯನ್ನು ಉಳಿಸುವುದು. ರಿಲೇ ಎಂಬುದು ಇದರ ನೆರೆಯವನು. ಚಾಲಕನ ಬೆರಳಿನ ಬಳಿಯಿರುವ ಸಣ್ಣ ಗುಂಡಿಯಲ್ಲಿ ಹತ್ತಾರು ಆಂಪಿಯರು ಹರಿದರೆ ಗುಂಡಿಯೇ ಸುಟ್ಟುಹೋದೀತು. ಆದ್ದರಿಂದ ಗುಂಡಿಯು ಒಂದು ವಿದ್ಯುತ್ಕಾಂತಕ್ಕೆ ಮಾತ್ರ ಅಲ್ಪ ಪ್ರವಾಹವನ್ನು ಕಳುಹುವುದು. ಆ ಕಾಂತವು ಬೇರೊಂದು ಗಟ್ಟಿ ಸಂಪರ್ಕವನ್ನು ಎಳೆದು ಕೂಡಿಸಿ ದೊಡ್ಡ ಪ್ರವಾಹಕ್ಕೆ ದಾರಿ ಮಾಡುವುದು. ಮಾವುತನ ಸಣ್ಣ ಅಂಕುಶಕ್ಕೆ ಆನೆ ನಡೆದಂತೆ.

ಇನ್ನು ಆವಿಷ್ಕಾರಗಳ ಕಥೆಗೆ ಬರೋಣ. ಹಳೆಯ ಕಾಲದ ಕಾರನ್ನು ಹೊರಡಿಸಲು ಮುಂದೆ ನಿಂತು ಕೈಹಿಡಿಯನ್ನು ಬಲವಾಗಿ ತಿರುಗಿಸಬೇಕಾಗಿತ್ತು. ಎಂಜಿನು ಹಿಂದಕ್ಕೆ ಒದೆದು ಕೈಮುರಿದವರು ಅನೇಕರು. ಚಾರ್ಲ್ಸ್ ಕೆಟರಿಂಗ್ ಎಂಬಾತನ ವಿದ್ಯುತ್ ಚಾಲನಯಂತ್ರವು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ತೊಲಗಿತು. ಇದಕ್ಕಾಗಿ ಇಟ್ಟ ಬ್ಯಾಟರಿಯೂ ಅದನ್ನು ತುಂಬುವ ಜನಕಯಂತ್ರವೂ ಕಾರಿನ ದೀಪಗಳನ್ನೂ ಬೆಳಗಿದವು. ಮುಂದೆ ಬಂದ ಎಲ್ಲ ವಿದ್ಯುತ್ ಸಲಕರಣೆಗಳಿಗೆ ಬಾಗಿಲು ತೆರೆದದ್ದು ಈ ಏರ್ಪಾಡೇ.

ಮಳೆಯನ್ನು ಒರಸುವ ಕಡ್ಡಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಅಲಬಾಮಾ ಪ್ರಾಂತದ ಮೇರಿ ಆಂಡರ್ಸನ್ ಎಂಬ ಮಹಿಳೆ ಚಳಿಗಾಲದಲ್ಲೊಮ್ಮೆ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮದ ಮಳೆಯಲ್ಲಿ ಟ್ರಾಮಿನ ಚಾಲಕನು ದಾರಿ ಕಾಣದೆ ಪಡುತ್ತಿದ್ದ ಪಾಡನ್ನು ಕಂಡಳು. ಒಳಗೆ ಕುಳಿತವನು ಒಂದು ಹಿಡಿಕೆಯನ್ನು ಎಳೆದರೆ ಹೊರಗೆ ಗಾಜಿನ ಮೇಲೆ ರಬ್ಬರಿನ ಪಟ್ಟಿಯೊಂದು ಬೀಸಿ ಬರುವಂತೆ ಆಕೆ ಏರ್ಪಾಡು ಮಾಡಿದಳು. 1903ರ ನವೆಂಬರ್ 10ರಂದು ಆಕೆಗೆ ಪೇಟೆಂಟು, ಎಂದರೆ ಆವಿಷ್ಕಾರದ ಹಕ್ಕುಪತ್ರ, ದೊರೆಯಿತು. ಕೆನಡದ ಒಂದು ಸಂಸ್ಥೆಗೆ ಅದನ್ನು ಮಾರಲು ಹೋದಾಗ ಅದರಿಂದ ಲಾಭವಿಲ್ಲವೆಂಬ ಉತ್ತರ ಬಂದಿತು. 17 ವರ್ಷಗಳ ಅವಧಿ ಮುಗಿದು 1920ರಲ್ಲಿ ಹಕ್ಕು ಕಳೆಯಿತು. ಆ ವೇಳೆಗೆ ಬೀದಿಗಳಲ್ಲಿ ಕಾರುಗಳು ತುಂಬುತ್ತಿದ್ದವು. ಆಕೆಗೆ ಒಂದು ಡಾಲರೂ ಸಿಕ್ಕಲಿಲ್ಲ. ಕಾಲಕ್ಕಿಂತ ಮುಂಚೆ ಬಂದ ಬುದ್ಧಿಗೆ ಸಲ್ಲುವ ಸಂಬಳ ಇಷ್ಟೇ ಎಂದು ನಮಗೆ ಕೆಲವೊಮ್ಮೆ ಅನ್ನಿಸುವುದುಂಟು.

1926ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ವಿದ್ಯುತ್ತಿನಿಂದ ನಡೆಯುವ ಒರಸುಕಡ್ಡಿಯನ್ನು ಮಾರುಕಟ್ಟೆಗೆ ತಂದಿತು. ಆದರೂ ಒಂದು ಕೊರತೆ ಉಳಿದಿತ್ತು. ತುಂತುರು ಮಳೆಯಲ್ಲಿ ಕಡ್ಡಿಯು ಒಂದೇ ಸಮನೆ ಆಡುತ್ತ ಒಣಗಾಜನ್ನು ಕಿರ್ರೆಂದು ಉಜ್ಜುತ್ತಿತ್ತು. ನಿಲ್ಲಿಸಿದರೆ ಹನಿ ತುಂಬಿ ದಾರಿ ಕಾಣುತ್ತಿರಲಿಲ್ಲ. ಡೆಟ್ರಾಯಿಟಿನ ಪ್ರಾಧ್ಯಾಪಕ ರಾಬರ್ಟ್ ಕರ್ನ್ಸ್ ಎಂಬಾತನ ಎಡಗಣ್ಣಿಗೆ 1953ರಲ್ಲಿ ತನ್ನ ಮದುವೆಯ ದಿನವೇ ಷಾಂಪೇನ್ ಸೀಸೆಯ ಬಿರಡೆ ಸಿಡಿದು ಬಡಿದು ದೃಷ್ಟಿ ಹೋಗಿತ್ತು. ಕಣ್ಣನ್ನು ಕುರಿತು ಬಹಳ ಯೋಚಿಸುತ್ತಿದ್ದ ಆತನಿಗೆ, ರೆಪ್ಪೆಯು ಎಡೆಬಿಡದೆ ಬಡಿಯುವುದಿಲ್ಲ, ಬಡಿದು ನಿಂತು ಮತ್ತೆ ಬಡಿಯುವುದು ಎಂಬುದು ಹೊಳೆಯಿತು. ಕಡ್ಡಿಯೂ ಹಾಗೆಯೇ ನಿಂತು ನಿಂತು ಆಡಬಾರದೇಕೆ?

ಆತನ ಏರ್ಪಾಡು ಹೀಗೆ: ಕೆಪಾಸಿಟರ್ ಎಂಬ ವಿದ್ಯುತ್ ಸಂಗ್ರಾಹಕಕ್ಕೆ ಒಂದು ತಡೆಯ ಮೂಲಕ ಸ್ವಲ್ಪಸ್ವಲ್ಪವಾಗಿ ವಿದ್ಯುತ್ತು ತುಂಬುವುದು. ನಿಯತ ಮಟ್ಟ ಮುಟ್ಟಿದೊಡನೆ ಟ್ರಾನ್ಸಿಸ್ಟರು ತೆರೆದು ಮೋಟಾರನ್ನು ಒಂದು ಬಾರಿ ಆಡಿಸುವುದು. ಸಂಗ್ರಾಹಕವು ಬರಿದಾಗಿ ಮತ್ತೆ ತುಂಬತೊಡಗುವುದು. ನಲ್ಲಿಯಿಂದ ಹನಿಯುವ ನೀರು ಪಾತ್ರೆಗೆ ತುಂಬಿ, ಪಾತ್ರೆ ತಾನೇ ಮಗುಚಿ, ಮತ್ತೆ ನಿಲ್ಲುವುದನ್ನು ಊಹಿಸಿಕೊಂಡರೆ ಸಾಕು. ತಡೆಯನ್ನು ಹೆಚ್ಚಿಸಿದರೆ ನಲ್ಲಿಯನ್ನು ತಿರುಚಿದಂತೆ. ಎರಡು ಬೀಸುಗಳ ನಡುವಣ ಬಿಡುವು ಉದ್ದವಾಗುವುದು.

1963ರಲ್ಲಿ ಕರ್ನ್ಸನು ಇದನ್ನು ಫೋರ್ಡ್ ಸಂಸ್ಥೆಯವರಿಗೆ ತೋರಿಸಿದನು. 1967ರಲ್ಲಿ ಪೇಟೆಂಟು ದೊರೆಯಿತು. 1969ರಿಂದ ಫೋರ್ಡ್ ಕಾರುಗಳಲ್ಲಿ ಇಂಥ ಕಡ್ಡಿ ಬಂದಿತು, ಆದರೆ ಕರ್ನ್ಸನಿಗೆ ಏನೂ ಬರಲಿಲ್ಲ. 1978ರಲ್ಲಿ ಆತ ದಾವೆ ಹೂಡಿದನು. ಸಂಸ್ಥೆಯವರ ವಾದವನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಕೆಪಾಸಿಟರ್ ಹಳೆಯದು, ಟ್ರಾನ್ಸಿಸ್ಟರ್ ಹಳೆಯದು, ತಡೆ ಹಳೆಯದು. ಹಳೆಯ ವಸ್ತುಗಳನ್ನು ಕೂಡಿಸಿದರೆ ಅದು ಹೇಗೆ ಆವಿಷ್ಕಾರವಾದೀತು? ನಿಘಂಟಿನಲ್ಲಿರುವ ಪದಗಳಿಂದಲೇ ಕಾವ್ಯ ರಚಿತವಾಗುವುದಷ್ಟೆ ಎಂದು ನಾವು ಉತ್ತರ ಕೊಡಬಹುದು. 1990ರಲ್ಲಿ ತೀರ್ಪು ಕರ್ನ್ಸನ ಪರವಾಗಿ ಬಂದು ಫೋರ್ಡ್ ಸಂಸ್ಥೆ 1 ಕೋಟಿ 2 ಲಕ್ಷ ಡಾಲರು ತೆತ್ತಿತು; 1992ರಲ್ಲಿ ಕ್ರೈಸ್ಲರ್ ಸಂಸ್ಥೆಯ ವಿರುದ್ಧವೂ ಆತ ಗೆದ್ದನು. ಅಷ್ಟರಲ್ಲಿ ಆತನ ಸಂಸಾರ ಒಡೆದುಹೋಗಿತ್ತು.

ನಮ್ಮ ದೇಶದ 1970ರ ಪೇಟೆಂಟ್ ಕಾಯಿದೆ ಇದೇ ಪ್ರಶ್ನೆಗೆ ಚೊಕ್ಕವಾದ ಉತ್ತರವನ್ನು ಕೊಡುತ್ತದೆ. ಆವಿಷ್ಕಾರವು ಹೊಸದಾಗಿರಬೇಕು, ಆ ವಿಷಯದಲ್ಲಿ ನುರಿತವನಿಗೂ ಸುಲಭವಾಗಿ ಹೊಳೆಯದ್ದಾಗಿರಬೇಕು, ಕೈಗಾರಿಕೆಗೆ ಒದಗುವಂತಿರಬೇಕು. ಇದರ ಜತೆಗೆ 3ನೆಯ ವಿಧಿಯಲ್ಲಿ ಒಂದು ಮಾತಿದೆ: ತಿಳಿದಿರುವ ಸಾಧನಗಳನ್ನು ಬರಿದೆ ಒಟ್ಟಿಗೆ ಜೋಡಿಸಿಟ್ಟು, ಒಂದೊಂದೂ ತನ್ನ ಹಳೆಯ ಕೆಲಸವನ್ನೇ ತಾನು ತಾನಾಗಿ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ. ಒಂದು ಫಲಕಕ್ಕೆ ಗಡಿಯಾರ, ಬೀಸಣಿಗೆ, ದೀಪ ಮೂರನ್ನೂ ಅಂಟಿಸಿದರೆ ಹಕ್ಕು ದೊರೆಯದು. ಸೆಕೆಯೇರಿದಾಗ ಬೀಸಣಿಗೆ ತಾನೇ ತಿರುಗಿ, ಪ್ರಯಾಣಿಕನು ಇಳಿದಾಗ ಅದನ್ನು ಆಸನವೇ ಅರಿತು ನಿಲ್ಲಿಸಿದರೆ, ಅಂಗಗಳು ಒಂದಕ್ಕೊಂದು ಉತ್ತರ ಕೊಡುತ್ತಿವೆ. ಅಲ್ಲಿ ವಿಚಾರಕ್ಕೆ ಎಡೆಯುಂಟು. ಅದು ನಿಜವಾಗಿಯೂ ಹೊಸದೇ ಎಂಬುದು ಬೇರೆಯ ಪರೀಕ್ಷೆ.

ಈ ಒರೆಗಲ್ಲನ್ನು ಹಿಡಿದು ನೆರೆಯ ಎರಡು ಊರುಗಳ ಕೆಲಸವನ್ನು ನೋಡುವುದು ವಿನೋದವಾಗಿದೆ. 2020ರಲ್ಲಿ ನಾಸಿಕದಿಂದ ಬಂದ ಥಾರ್ ವಾಹನದ ನೆಲವನ್ನು ನೀರು ಸುರಿದು ತೊಳೆಯಬಹುದು. ಬಿರಡೆ ತೆಗೆದರೆ ನೀರು ಕೆಳಗೆ ಹರಿಯುವುದು. ಕೆಸರುದಾರಿಯವರಿಗೆ ಬಹಳ ಉಪಕಾರಿ, ಆದರೆ ಬಿರಡೆಯ ಉಪಾಯ ನಮ್ಮ ಬಚ್ಚಲುಮನೆಗೂ ಹೊಸದಲ್ಲ. ಸಂಭಾಜಿನಗರದಲ್ಲಿ ಜೋಡಣೆಯಾಗುತ್ತಿದ್ದ ಸ್ಕೋಡಾ ಸೂಪರ್ಬ್ ಕಾರಿನ ಹಿಂಬಾಗಿಲಿನಲ್ಲಿ ಕೊಡೆಯನ್ನಿಡಲು ಒಂದು ಕೊಳವೆಯಿತ್ತು; ಒದ್ದೆಯ ಕೊಡೆಯಿಂದ ಸುರಿದ ನೀರು ಒಳಗೆ ನಿಲ್ಲದೆ ಹೊರಕ್ಕೆ ಹೋಗುವ ದಾರಿಯೂ ಇತ್ತು. ಮುಂಬಯಿಯ ಆಷಾಢವನ್ನು ಕಂಡವರು ಇದನ್ನು ಮೆಚ್ಚದಿರಲಾರರು! 2018ರಲ್ಲಿ ನಾಸಿಕದಲ್ಲಿ ಬಿಡುಗಡೆಯಾದ ಮರಾಜೊ ವಾಹನದಲ್ಲಿ ತಂಗಾಳಿಯ ಬಾಯಿಗಳನ್ನು ಛಾವಣಿಯ ಉದ್ದಕ್ಕೂ ಇಟ್ಟರು. ತಣ್ಣನೆಯ ಗಾಳಿ ಬಿಸಿಗಾಳಿಗಿಂತ ಭಾರ, ಅದು ಕೆಳಗಿಳಿಯುವುದು. ಮುಂದಿನವರ ಮುಖಕ್ಕೆ ಬೀಸಿದ್ದರಲ್ಲಿ ಉಳಿದದ್ದು ಹಿಂದಿನ ಸಾಲಿಗೆ ಎಂಬ ಹಳೆಯ ಪದ್ಧತಿಗಿಂತ ಇದು ನ್ಯಾಯವಾದ ಹಂಚಿಕೆ. ಮೂರರಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇದೇ.

ಆಟೋರಿಕ್ಷಾದ ಚಾಲಕರೂ ತಮ್ಮ ಮಟ್ಟಿಗೆ ಆವಿಷ್ಕಾರಕರೇ. ಕಾಲಿಡುವೆಡೆಯಲ್ಲಿ ನೀಲಿಯ ದೀಪ, ಬೆನ್ನ ಹಿಂದೆ ಹಾಡಿನ ಪೆಟ್ಟಿಗೆ, ಚಾಲಕನ ಪಕ್ಕದಲ್ಲಿ ಸಂಚಾರಿ ದೂರವಾಣಿಗೆ ವಿದ್ಯುತ್ತು ತುಂಬುವ ತೂತು, ಇಷ್ಟೂ ಒಂದೇ ಬ್ಯಾಟರಿಯಿಂದ! ಆದರೆ ಹೊಸ ದೀಪಕ್ಕೆ ಹತ್ತಿರದ ಯಾವುದೋ ತಂತಿಯ ಹೊದಿಕೆಯನ್ನು ಹೆರೆದು ಇನ್ನೊಂದನ್ನು ಸುತ್ತಿಬಿಡುವುದು, ಫ್ಯೂಸು ಪದೇ ಪದೇ ಹೋಯಿತೆಂದು ಅದರ ಜಾಗದಲ್ಲಿ ತಾಮ್ರದ ಎಳೆಯನ್ನು ಸಿಕ್ಕಿಸುವುದು, ಇವು ಕಾವಲುಗಾರನನ್ನು ಕೊಂದು ಮನೆಯ ಬಾಗಿಲನ್ನು ತೆರೆದಿಟ್ಟಂತೆ. ಫ್ಯೂಸು ಹೋಗುವುದು ಅದರ ತಪ್ಪಲ್ಲ. ಎಲ್ಲಿಯೋ ತಪ್ಪಿದೆಯೆಂದು ಅದು ಹೇಳುತ್ತಿದೆ. ಹೊಸ ಸಲಕರಣೆಗೆ ಬ್ಯಾಟರಿಯ ಬಳಿಯಿಂದಲೇ ಬೇರೆ ತಂತಿ, ಅದರ ಆರಂಭದಲ್ಲಿಯೇ ತಕ್ಕ ಫ್ಯೂಸು ಇರಬೇಕು.

ಬೆಂಕಿಯ ಮಾತು ಬಂದದ್ದರಿಂದ ಒಂದು ದುಃಖದ ಸಂಗತಿಯನ್ನು ಹೇಳಲೇಬೇಕು. 2022ರ ಅಕ್ಟೋಬರ್ 8ರ ಬೆಳಗಿನ ಜಾವದಲ್ಲಿ, ಯವತ್ಮಾಳದಿಂದ ಮುಂಬಯಿಗೆ ಬರುತ್ತಿದ್ದ ಖಾಸಗಿ ಬಸ್ಸೊಂದು ನಾಸಿಕ–ಔರಂಗಾಬಾದ್ ರಸ್ತೆಯಲ್ಲಿ ಸರಕಿನ ಲಾರಿಗೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. 12 ಮಂದಿ ಮಡಿದರು. ಬೆಂಕಿಗೆ ಮೂಲ ಡಿಕ್ಕಿಯಾದರೂ, ಅದು ಒಳಗೆ ಹೊಕ್ಕ ಮೇಲೆ ನಿದ್ದೆಯಲ್ಲಿದ್ದವರಿಗೆ ಎಷ್ಟು ನಿಮಿಷ ದೊರೆಯುವುದೆಂಬುದನ್ನು ನಿರ್ಧರಿಸುವುದು ವಾಹನದ ಒಳಾಂಗಣವೇ. ಆಸನದ ನೊರೆದಿಂಬು, ಹೊದಿಸಿದ ರೆಕ್ಸಿನ್, ತೆರೆಯ ಬಟ್ಟೆ ಇವು ಎಷ್ಟು ಬೇಗ ಉರಿಯುವುವು? ಅಮೆರಿಕದಲ್ಲಿ 1972ರಿಂದ ಇರುವ ನಿಯಮದಂತೆ ಒಳಗಣ ವಸ್ತುವಿನ ಮೇಲೆ ಜ್ವಾಲೆಯು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಕೂಡದು. ನಮ್ಮಲ್ಲಿಯೂ ಇಂಥ ಮಾನಕವಿದೆ. ಆದರೆ ಕಾರ್ಖಾನೆಯಿಂದ ಬಂದ ಮೇಲೆ ಸೊಗಸಿಗಾಗಿ ಕಟ್ಟುವ ತೆರೆಗಳನ್ನು ಯಾರೂ ಹೊತ್ತಿಸಿ ಪರೀಕ್ಷಿಸುವುದಿಲ್ಲ.

ಬಸ್ಸಿನ ಪಕ್ಕದ ಕಿಟಕಿಗಳಿಗೆ ಹದಗೊಳಿಸಿದ ಗಾಜನ್ನು ಹಾಕುವರು. ಕಾಯಿಸಿ ಥಟ್ಟನೆ ತಣಿಸಿದ್ದರಿಂದ ಇದರ ಮೇಲ್ಮೈ ಬಿಗಿದುಕೊಂಡಿರುವುದು. ಕೈಯಿಂದ ಗುದ್ದಿದರೆ ಜಗ್ಗದು. ಆದರೆ ಚೂಪಾದ ಉಕ್ಕಿನ ಮೊನೆಯಿಂದ ಮೂಲೆಯ ಬಳಿ ಒಂದು ಪೆಟ್ಟು ಕೊಟ್ಟರೆ ಬಿಗಿತವೆಲ್ಲ ಸಡಿಲಿ ಇಡೀ ಗಾಜು ಹರಳುಹರಳಾಗಿ ಉದುರುವುದು. ಕಿಟಕಿಯ ಬಳಿ ತೂಗಿಸುವ ಕೆಂಪು ಸುತ್ತಿಗೆಯ ಉಪಯೋಗ ಇದೇ. ಮುಂಗಾಜು ಮಾತ್ರ ಎರಡು ಪದರಗಳ ನಡುವೆ ಅಂಟುಹಾಳೆಯಿರುವ ಬೇರೆ ಜಾತಿಯದು. ಅದು ಬಿರಿದರೂ ಉದುರದು. ಆದ್ದರಿಂದ ಅಪಾಯದಲ್ಲಿ ಮುಂಗಾಜನ್ನು ಬಡಿಯುತ್ತ ನಿಲ್ಲಬಾರದು. 2022ರ ಜನವರಿಯಲ್ಲಿ ಕೇಂದ್ರ ಸರಕಾರವು ದೂರಪ್ರಯಾಣದ ಬಸ್ಸುಗಳಿಗೂ ಶಾಲಾ ಬಸ್ಸುಗಳಿಗೂ ಪ್ರಯಾಣಿಕರ ಭಾಗದಲ್ಲಿ ಬೆಂಕಿಯ ಎಚ್ಚರಿಕೆಯ ಹಾಗೂ ರಕ್ಷಣೆಯ ಏರ್ಪಾಡನ್ನು ವಿಧಿಸುವ ನಿಯಮವನ್ನು ಹೊರಡಿಸಿತು. ಡಿಕ್ಕಿಯಾದೊಡನೆ ಯಾರ ಕೈಯೂ ತಗಲದೆ ಕಿಟಕಿಯನ್ನು ಬಿಡುಗಡೆ ಮಾಡುವ, ಆದರೆ ಹಳ್ಳದಿಣ್ಣೆಯ ಕುಲುಕಿಗೆ ಮೋಸಹೋಗದ, ಎಲ್ಲ ಬಸ್ಸುಗಳಿಗೂ ಅಗ್ಗವಾಗಿ ಒದಗುವ ಚಿಲಕವೊಂದು ಬೇಕಾಗಿದೆ. ಕೂದಲೆಳೆಯಷ್ಟು ಸುಲಭವಾದ ಸಮಸ್ಯೆಯಲ್ಲ, ವಿಚಾರಕ್ಕೆ ಯೋಗ್ಯವಾದದ್ದು.

ನಮ್ಮ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಇಂಥದೊಂದು ಉಪಾಯ ಹೊಳೆದರೆ ಹೋಗಬೇಕಾದ ಸ್ಥಳವೂ ದೂರವಿಲ್ಲ. ನಾಸಿಕ, ಸಂಭಾಜಿನಗರಗಳ ಆವಿಷ್ಕಾರಕರ ಅರ್ಜಿಗಳು ಬರುವುದು ನಮ್ಮ ಮುಂಬಯಿಯ ಆಂಟಾಪ್ ಹಿಲ್ಲಿನಲ್ಲಿರುವ ಪೇಟೆಂಟ್ ಕಚೇರಿಗೆ. ಅಂತರಜಾಲದ ಮೂಲಕ ಸಲ್ಲಿಸುವ ವ್ಯಕ್ತಿಗೆ ಅರ್ಜಿಯ ಶುಲ್ಕ 1600 ರೂಪಾಯಿ, ಪರೀಕ್ಷೆಗೆ ಬೇರೆ 4000 ರೂಪಾಯಿ. ಹಕ್ಕು ದೊರೆತರೆ ಅರ್ಜಿಯ ದಿನದಿಂದ 20 ವರ್ಷ ನಡೆಯುವುದು. ಆದರೆ ಒಂದು ಎಚ್ಚರಿಕೆ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಾದರಿಯನ್ನಿಟ್ಟು ಬಂದವರಿಗೆಲ್ಲ ಅದರ ಗುಟ್ಟನ್ನು ವಿವರಿಸಿ, ಬಹುಮಾನ ಪಡೆದು, ಆಮೇಲೆ ಅರ್ಜಿ ಹಾಕಿದರೆ, ಅದು ಆಗಲೇ ಬಹಿರಂಗವಾಯಿತು, ಹೊಸದಲ್ಲ ಎಂಬ ಆಕ್ಷೇಪ ಬರುವುದು. ಸರಕಾರವು ಗೊತ್ತುಮಾಡಿದ ಪ್ರದರ್ಶನಗಳಿಗೆ ಮಾತ್ರ 12 ತಿಂಗಳ ವಿನಾಯಿತಿಯುಂಟು. ಆದ್ದರಿಂದ ಮೊದಲು ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿ, ಬಳಿಕ ತೋರಿಸುವುದು ಮೇಲು. ಪೂರ್ಣ ವಿವರಣೆಗೆ ಆಗ 12 ತಿಂಗಳ ಕಾಲಾವಕಾಶ ಸಿಕ್ಕುವುದು.

ಬೇರೆಯವರು ಈಗಾಗಲೇ ಏನನ್ನು ಕಂಡುಹಿಡಿದಿರುವರೆಂದು ನೋಡಲು ಹಣ ಕೊಡಬೇಕಾಗಿಲ್ಲ. ಸಾಮಾನ್ಯವಾಗಿ ಅರ್ಜಿಯಾದ 18 ತಿಂಗಳಿಗೆ ಅದು ಪ್ರಕಟವಾಗುವುದು. ಆ ಬಳಿಕ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಲೋಕದ ಆವಿಷ್ಕಾರಗಳನ್ನೆಲ್ಲ ಗ್ರಂಥಾಲಯದ ಪುಸ್ತಕಗಳಂತೆ ವಿಂಗಡಿಸಿರುವರು. ವಾಹನಗಳ ಸಾಮಾನ್ಯ ಅಂಗಗಳಿಗೆ ‘ಬಿ 60’ ಎಂಬ ಗುರುತು. ಅದರೊಳಗೆ ಆಸನಗಳನ್ನು ‘ಬಿ 60 ಎನ್’ ಎಂಬಲ್ಲಿಯೂ, ದೀಪ ಮತ್ತು ಸಂಜ್ಞೆಗಳನ್ನು ‘ಬಿ 60 ಕ್ಯೂ’ ಎಂಬಲ್ಲಿಯೂ, ತಂಗಾಳಿಯ ಏರ್ಪಾಡನ್ನು ‘ಬಿ 60 ಎಚ್’ ಎಂಬಲ್ಲಿಯೂ, ವಿದ್ಯುತ್ ತಂತಿಗಳ ಮಂಡಲ, ಸುರಕ್ಷಾಪಟ್ಟಿ ಮುಂತಾದ ಇತರ ಸಲಕರಣೆಗಳನ್ನು ‘ಬಿ 60 ಆರ್’ ಎಂಬಲ್ಲಿಯೂ ಹುಡುಕಬೇಕು. ಮೇರಿ ಆಂಡರ್ಸನ್ನಳ ಕಡ್ಡಿಯ ವಂಶದವೆಲ್ಲ ಇರುವುದು ‘ಬಿ 60 ಎಸ್’ ಎಂಬಲ್ಲಿ.